ಮೊದಲು ಪತ್ತೆ, ಆಮೇಲೆ ರೊಕ್ಕ

ಭಾರತ ಹುಣ್ಣಿಮೆಯ ಸುಮಾರಿಗೆ ರಾಯಬಾಗ ತಾಲ್ಲೂಕಿನ ಚಿಂಚಲಿಯಲ್ಲಿ ಮಾಯಕ್ಕನ ಜಾತ್ರೆ ನೆರೆಯುತ್ತದೆ. ಅಲ್ಲಿಂದ ಊರೂರ ಜಾತ್ರೆ, ಮುಂದೆ ಗಣೇಶೋತ್ಸವ. ಚಿಕ್ಕೋಡಿ, ನಿಪ್ಪಾಣಿ, ಅಥಣಿ ಸೀಮೆಯ ಆರ್ಕೆಸ್ಟ್ರಾ, ಬೆಂಜೊ ಪಾರ್ಟಿ, ಭಜನಾ ಮೇಳಗಳಿಗೆ ಇವೇ ಗಳಿಕೆಯ ದಿನಗಳು. ಇಂಥ ಹೊತ್ತಿನಲ್ಲಿ ಆಂಪ್ಲಿಫೈಯರ್ ಕೈಕೊಟ್ಟರೆ ಆ ರಾತ್ರಿಯ ಸಂಭಾವನೆ ಹೋದಂತೆಯೇ. ಅವಸರಕ್ಕೆ ಬಿದ್ದು ಸಿಕ್ಕವರ ಕೈಗೆ ರಿಪೇರಿಗೆ ಕೊಟ್ಟರೆ ಇನ್ನೂ ಹೆಚ್ಚು ಹೋಗುತ್ತದೆ.

ಈ ಅಂಕಣಕಾರನ ಬಳಿ ನಿಪ್ಪಾಣಿಯ ಕಲಾವಿದರೊಬ್ಬರಿಂದ ಕೊಂಡ ಹಳೆಯ ವಾಲ್ವ್ ಗಿಟಾರ್ ಆಂಪ್ಲಿಫೈಯರ್ ಇದೆ. ಮುಂದೆ ಎರಡು ಇಸಿಸಿ83, ಹಿಂದೆ ಎರಡು ಇಎಲ್84. 1958ರಲ್ಲಿ ಬಂದ ಇಂಗ್ಲೆಂಡಿನ ಹೆಸರಾಂತ ವಾಕ್ಸ್ ಎಸಿ15 ಕೂಡ ದುಡಿಯುತ್ತಿದ್ದದ್ದು ಇದೇ ಇಎಲ್84 ಜೋಡಿಯಿಂದ. ಈ ಎರಡೂ ವಾಲ್ವ್‌ಗಳು ನಮ್ಮ ಬೆಂಗಳೂರಿನಲ್ಲೇ ತಯಾರಾಗುತ್ತಿದ್ದವು. 1954ರಲ್ಲಿ ಸ್ಥಾಪನೆಯಾದ ಜಾಲಹಳ್ಳಿಯ ಬಿಇಎಲ್ ಕಾರ್ಖಾನೆ 1961ರಲ್ಲಿ ರೇಡಿಯೊ ವಾಲ್ವ್‌ಗಳ ತಯಾರಿಕೆಗೆ ಇಳಿದಿತ್ತು. ಈಗ ಅವುಗಳ ಹಳೆಯ ದಾಸ್ತಾನನ್ನು ಹೊರದೇಶದ ಗಿಟಾರ್ ವಾದಕರೂ ಹುಡುಕಿ ಕೊಳ್ಳುತ್ತಾರೆ. ಹೊಸದು ಬೇಕೆಂದರೆ ರಷ್ಯಾ, ಸ್ಲೊವಾಕಿಯಾ, ಚೀನಾದ ಮಾಲೇ ಗತಿ.

ಸೆಟ್ ಸದಾ ಗುಂಯ್‌ಗುಡುತ್ತಿತ್ತು. ವಾಲ್ಯೂಮ್ ತಿರುಗಿಸಿದರೆ ಚರಚರ, ಗಿಟಾರಿನ ದನಿ ಆಗಾಗ ಕಡಿದುಹೋಗುತ್ತಿತ್ತು. ಪೇಟೆಯ ಅಂಗಡಿಯೊಂದರಲ್ಲಿ ಮುಚ್ಚಳವನ್ನೂ ತೆಗೆಯದೆ ಅಂದಾಜು ಹೇಳಿದರು: “ಎಲ್ಲಾ ವಾಲ್ವ್ ಬದಲ್ ಮಾಡಬೇಕ್ರಿ, ಟ್ರಾನ್ಸ್‌ಫಾರ್ಮರ್‌ನೂ ಹೋಗೇತಿ. ಹದಿನಾಲ್ಕು ಸಾವಿರ ಆಗ್ತೇತಿ.”

ಅಂಕಣಕಾರ ಸೆಟ್ ವಾಪಸು ತಂದ. ಹಣಕಾಸಿನ ಲೆಕ್ಕ ಶುರುವಾಗುವುದು ಇಲ್ಲಿಂದಲೇ. ಪರೀಕ್ಷೆ ಯಾವಾಗಲೂ ಖರ್ಚಿಲ್ಲದ ಕಡೆಯಿಂದ ಖರ್ಚಿನ ಕಡೆಗೆ ಸಾಗಬೇಕು.

ಮೊದಲನೆಯದು ಕೇಬಲ್. ಗಿಟಾರಿಗೂ ಬೆಂಜೊಗೂ ಹಾಕುವ ವೈರ್ ಜಾಕ್‌ನ ಬುಡದಲ್ಲಿ ಮುರಿಯುವುದು ಸಾಮಾನ್ಯ. ಬೇರೆ ಕೇಬಲ್ ಹಾಕಿದ ಕೂಡಲೇ ದನಿ ಕಡಿಯುವುದು ನಿಂತಿತು. ಖರ್ಚು 250 ರೂಪಾಯಿ. ಗುಬುಟು ತಿರುಗಿಸಿದಾಗ ಮಾತ್ರ ಚರಚರ ಬಂದರೆ ಬಹುತೇಕ ಅದು ವಾಲ್ಯೂಮ್ ಕಂಟ್ರೋಲ್‌ನೊಳಗಿನ ಧೂಳು. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇಗೆ 350 ರೂಪಾಯಿ ಆಯಿತು. ಅದೇ ಡಬ್ಬಿಯಲ್ಲಿ ವಾಲ್ವ್ ಸಾಕೆಟ್‌ಗಳೂ ಸ್ವಚ್ಛವಾದವು.

ಉಳಿದದ್ದು ಗುಂಯ್. ಇದರ ಪತ್ತೆಗೆ ಕಿವಿಯೇ ಮೀಟರು. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು. ಅದನ್ನು ಡಿಸಿ ಮಾಡುವ ಪೂರ್ಣ ತರಂಗದ ರೆಕ್ಟಿಫೈಯರ್‌ನಿಂದ ಹೊರಬೀಳುವ ಏರಿಳಿತ 100 ಹರ್ಟ್ಸ್‌ನದು. ಆ ಏರಿಳಿತವನ್ನು ತಣಿಸಬೇಕಾದ ಫಿಲ್ಟರ್ ಕೆಪಾಸಿಟರ್‌ಗಳು ವರ್ಷಗಳು ಕಳೆದಂತೆ ಒಣಗಿ ಸೋಲುತ್ತವೆ; ಬಳಸದೆ ಮೂಲೆಗಿಟ್ಟರೂ ಕೆಡುತ್ತವೆ. ಗಿಟಾರಿನ ಆರನೇ ತಂತಿಯನ್ನು ಮೂರನೇ ಫ್ರೆಟ್‌ನಲ್ಲಿ ಒತ್ತಿ ಮೀಟಿದರೆ ಬರುವ ಸ್ವರ 98 ಹರ್ಟ್ಸ್. ಗುಂಯ್ ಅದಕ್ಕೆ ಹೊಂದಿಕೊಂಡರೆ ಮೊದಲ ಅನುಮಾನ ಕೆಪಾಸಿಟರ್ ಮೇಲೆ. ಅದಕ್ಕಿಂತ ಒಂದು ಸಪ್ತಕ ಕೆಳಗಿದ್ದರೆ ಹೀಟರ್ ವೈರಿಂಗ್, ಅರ್ತಿಂಗ್ ಅಥವಾ ಕೇಬಲಿನ ಕಡೆ ನೋಡಬೇಕು. ವಾಲ್ಯೂಮ್ ಸೊನ್ನೆಗೆ ಇಳಿಸಿದರೂ ಗುಂಯ್ ತಗ್ಗದಿದ್ದರೆ ದೋಷ ಆ ಗುಬುಟಿನಿಂದ ಮುಂದಿನ ಹಂತಗಳಲ್ಲಿದೆ ಅಥವಾ ಪವರ್ ಸಪ್ಲೈನಲ್ಲಿದೆ ಎಂದರ್ಥ. ಇಲ್ಲಿ ಆದದ್ದೂ ಅದೇ.

ಮುಚ್ಚಳ ತೆಗೆಯುವ ಕೆಲಸ ಮಾತ್ರ ಬಲ್ಲವರದು. ಒಳಗೆ 300 ವೋಲ್ಟ್‌ಗೂ ಮೀರಿದ ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ನಲ್ಲಿ ಅದು ಉಳಿದು ಪ್ರಾಣ ತೆಗೆಯಬಲ್ಲದು. ಕಾಗವಾಡ ದಾಟಿ ಮಿರಜಕ್ಕೆ ಹೋದರೆ ಸಿತಾರ್, ತಂಬೂರಿ ಮಾಡುವ ಕುಶಲಿಗರು ಸಿಗುತ್ತಾರೆ. ಅಲ್ಲಿನ ಆ ವಾದ್ಯಗಳಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಆದರೆ ವಾಲ್ವ್ ಸೆಟ್‌ಗೆ ಬೇಕಾದವರು ಹಳೆಯ ರೇಡಿಯೊ ಮೆಕ್ಯಾನಿಕ್‌ಗಳು. ಅಂಥ ಹಿರಿಯರೊಬ್ಬರು ಕೆಪಾಸಿಟರ್‌ಗಳನ್ನು ಬದಲಿಸಿದರು. ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ತರಿಸಿದ ಬಿಡಿಭಾಗಕ್ಕೆ 900, ಅವರ ಕೂಲಿ 1,200. ವಾಲ್ವ್‌ಗಳನ್ನು ಪೆನ್ಸಿಲಿನಿಂದ ಮೆಲ್ಲಗೆ ತಟ್ಟಿ ನೋಡಿದರು. ಟಣ್ ಎಂದು ಸ್ಪೀಕರಿನಲ್ಲಿ ಮೊಳಗಿದ್ದರೆ ಆ ವಾಲ್ವ್ ಬದಲಿಸಬೇಕಿತ್ತು. ಒಂದೂ ಮೊಳಗಲಿಲ್ಲ. ಇಎಲ್84ರ ಒಳಗಿನ ತಗಡು ಕೆಂಪಗೆ ಕಾಯುತ್ತಿಲ್ಲ ಎಂಬುದನ್ನೂ ಕತ್ತಲಲ್ಲಿ ಖಚಿತಪಡಿಸಿಕೊಂಡರು. ಟ್ರಾನ್ಸ್‌ಫಾರ್ಮರ್‌ಗೆ ಏನೂ ಆಗಿರಲಿಲ್ಲ.

ಒಟ್ಟು ಖರ್ಚು 2,700 ರೂಪಾಯಿ. ಮೊದಲ ಅಂದಾಜಿಗೆ ಒಪ್ಪಿದ್ದರೆ 11,300 ಹೆಚ್ಚಿಗೆ ಹೋಗುತ್ತಿತ್ತು.

ಹಾಗೆಂದು ಎಲ್ಲ ಹಳೆಯ ಸೆಟ್‌ಗಳೂ ರಿಪೇರಿಗೆ ಯೋಗ್ಯವಲ್ಲ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ನಿಜಕ್ಕೂ ಸುಟ್ಟಿದ್ದು ವಾಲ್ವ್‌ಗಳೂ ಸವೆದಿದ್ದರೆ ಎರಡರ ಖರ್ಚನ್ನು ಕೂಡಿಸಿ ನೋಡಿ. ಅದು ಸೆಟ್‌ನ ಮಾರಾಟದ ಬೆಲೆಯ ಅರ್ಧ ದಾಟಿದರೆ, ದುಡಿಮೆಗೆ ಬೇಕಾದವರು ಟ್ರಾನ್ಸಿಸ್ಟರ್ ಸೆಟ್ ಕೊಳ್ಳುವುದೇ ಲೇಸು. ಆ ಟ್ರಾನ್ಸ್‌ಫಾರ್ಮರ್ ಸುಡದಂತೆ ಕಾಯುವುದಕ್ಕೆ ಖರ್ಚೇನೂ ಇಲ್ಲ: ಸ್ಪೀಕರ್ ಜೋಡಿಸದೆ ವಾಲ್ವ್ ಸೆಟ್ ನುಡಿಸಬೇಡಿ.

ಕಲಾವಿದರಲ್ಲಿ ಒಂದು ವಿನಂತಿ. ಜಾತ್ರೆಯ ಸುಗ್ಗಿಗೆ ಒಂದು ತಿಂಗಳು ಮೊದಲೇ ಸೆಟ್ ಪರೀಕ್ಷಿಸಿ. ದೋಷ ಯಾವುದು, ಬದಲಿಸುವ ಭಾಗ ಯಾವುದು, ಅದರ ಬೆಲೆಯೆಷ್ಟು ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ. ತೆಗೆದ ಹಳೆಯ ಭಾಗಗಳನ್ನು ಕೇಳಿ ಪಡೆಯಿರಿ. ಪತ್ತೆ ಮಾಡಿಕೊಟ್ಟ ಮೆಕ್ಯಾನಿಕ್‌ಗೆ, ಒಂದೂ ಬಿಡಿಭಾಗ ಹಾಕದಿದ್ದರೂ, ಅವರ ಕೂಲಿಯನ್ನು ಪೂರ್ತಿ ಕೊಡಿ.