ಹೇಮಂತದ ಜಠರಾಗ್ನಿಯೂ ಧನುರ್ಮಾಸದ ಹುಗ್ಗಿಯೂ

ಸೂರ್ಯನು ಧನುರಾಶಿಯನ್ನು ಪ್ರವೇಶಿಸುವ ಡಿಸೆಂಬರ್ 16ರ ಸುಮಾರಿನಿಂದ ಮಕರ ಸಂಕ್ರಮಣದವರೆಗಿನ ಒಂದು ತಿಂಗಳು ಧನುರ್ಮಾಸವೆಂದು ಪ್ರಸಿದ್ಧವಾಗಿದೆ. ಅರುಣೋದಯದಲ್ಲಿ ಶ್ರೀಹರಿಗೆ ಮುದ್ಗಾನ್ನವನ್ನು, ಎಂದರೆ ಹೆಸರುಬೇಳೆಯ ಹುಗ್ಗಿಯನ್ನು ನಿವೇದಿಸಿ, ಆ ಪ್ರಸಾದವನ್ನು ಬಿಸಿಯಾಗಿರುವಾಗಲೇ ಸ್ವೀಕರಿಸುವುದು ಈ ಮಾಸದ ವಿಶೇಷ. ಊರು ಬಿಟ್ಟು ನಗರಗಳಿಗೆ ಬಂದ ನಮ್ಮಲ್ಲಿ ಅನೇಕರಿಗೆ ಇದು ಒಂದು ಭಾನುವಾರ ಮಠಕ್ಕೆ ಹೋಗಿ ದೊನ್ನೆಯಲ್ಲಿ ಪ್ರಸಾದ ಪಡೆಯುವುದಕ್ಕೆ ಸೀಮಿತವಾಗಿದೆ. ಕೆಲವು ಮನೆಗಳಲ್ಲಿ ಆಚರಣೆಯು ಉಳಿದಿದೆಯಾದರೂ ಅದರ ಭಾರವೆಲ್ಲವೂ ಒಬ್ಬರ ಮೇಲೆಯೇ ಬಿದ್ದಿದೆ. ಚಳಿಗಾಲದ ಆಹಾರದ ವಿಷಯದಲ್ಲಿ ಹಿಂದಿನವರು ಏನು ಹೇಳಿದ್ದಾರೆ, ಅದನ್ನು ನಗರದ ಮನೆಯಲ್ಲಿ ಹೇಗೆ ನಡೆಸಬಹುದು, ನಾವು ಎಲ್ಲಿ ತಪ್ಪುತ್ತಿದ್ದೇವೆ ಎಂಬುದನ್ನು ಈ ಪಾಠದಲ್ಲಿ ವಿಚಾರಿಸೋಣ.

ಚಳಿಗೂ ಹಸಿವಿಗೂ ಇರುವ ಸಂಬಂಧ

ಮಾರ್ಗಶಿರ ಮತ್ತು ಪುಷ್ಯ ಮಾಸಗಳು ಹೇಮಂತ ಋತು. ಚರಕಸಂಹಿತೆಯ ಸೂತ್ರಸ್ಥಾನದ ಆರನೆಯ ಅಧ್ಯಾಯವು ಋತುಗಳಿಗೆ ತಕ್ಕ ಆಹಾರ ವಿಹಾರಗಳನ್ನು ನಿರೂಪಿಸುತ್ತದೆ. ಹೊರಗಿನ ತಂಗಾಳಿಯ ಸ್ಪರ್ಶದಿಂದ ದೇಹದ ಉಷ್ಣವು ಒಳಗೇ ತಡೆಯಲ್ಪಟ್ಟು ಜಠರಾಗ್ನಿಯು ಪ್ರಬಲವಾಗುತ್ತದೆಂದೂ, ಆಗ ಅದು ಪ್ರಮಾಣದಲ್ಲಿ ಹೆಚ್ಚಾದ, ಸ್ವಭಾವದಲ್ಲಿ ಗುರುವಾದ ಆಹಾರವನ್ನೂ ಪಚನ ಮಾಡಬಲ್ಲುದೆಂದೂ ಅಲ್ಲಿ ಹೇಳಿದೆ. ಅದರ ಮುಂದಿನ ಮಾತು ಇನ್ನೂ ಮುಖ್ಯವಾದುದು. ಹೀಗೆ ಪ್ರಬಲವಾದ ಅಗ್ನಿಗೆ ತಕ್ಕ ಇಂಧನವು ದೊರೆಯದಿದ್ದರೆ ಅದು ದೇಹದ ರಸಧಾತುವನ್ನೇ ದಹಿಸುತ್ತದೆ; ಅದರಿಂದ ವಾತವು ಪ್ರಕೋಪಗೊಳ್ಳುತ್ತದೆ. ಆದುದರಿಂದ ಹೇಮಂತದಲ್ಲಿ ಜಿಡ್ಡುಳ್ಳ, ಹುಳಿ ಉಪ್ಪುಗಳಿಂದ ಕೂಡಿದ ಆಹಾರ, ಹಾಲಿನ ಪದಾರ್ಥಗಳು, ಬೆಲ್ಲ, ಎಣ್ಣೆ, ಹೊಸ ಅಕ್ಕಿಯ ಅನ್ನ, ಕುಡಿಯಲು ಬಿಸಿನೀರು ಇವುಗಳನ್ನು ವಿಧಿಸಲಾಗಿದೆ.

ಇಲ್ಲಿ ಒಂದು ಪದವನ್ನು ಗಮನಿಸಬೇಕು. ಅಗ್ನಿಯು ಪ್ರಬಲವಾಗುವುದು ‘ಬಲವಂತರಲ್ಲಿ’ ಎಂದು ಆ ಗ್ರಂಥವು ಸ್ಪಷ್ಟವಾಗಿ ಹೇಳಿದೆ, ಎಲ್ಲರಲ್ಲಿ ಎಂದಲ್ಲ. ಚಳಿ ಬಂದಿತೆಂಬ ನೆಪದಿಂದ ವೃದ್ಧರೂ ರೋಗಿಗಳೂ ತುಪ್ಪ ಬೆಲ್ಲಗಳನ್ನು ಯಥೇಚ್ಛವಾಗಿ ಸೇವಿಸಬೇಕೆಂಬುದು ಅದರ ಅಭಿಪ್ರಾಯವಲ್ಲ. ಅವರಿಗೆ ಬೇಕಾದುದು ತೆಳುವಾದ, ಬಿಸಿಯಾದ, ಮಿತವಾದ ಆಹಾರ, ಅದೂ ಸಕಾಲದಲ್ಲಿ. ಮಧುಮೇಹ, ರಕ್ತದೊತ್ತಡಗಳುಳ್ಳವರು ವೈದ್ಯರು ಹೇಳಿದ ಮಿತಿಯನ್ನು ಮೀರಬಾರದು.

ಭಗವದ್ಗೀತೆಯ ಹದಿನೈದನೆಯ ಅಧ್ಯಾಯದಲ್ಲಿ ಶ್ರೀಕೃಷ್ಣನು, ತಾನೇ ವೈಶ್ವಾನರನಾಗಿ ಪ್ರಾಣಿಗಳ ದೇಹದಲ್ಲಿದ್ದು ನಾಲ್ಕು ವಿಧದ ಅನ್ನವನ್ನು ಪಚನ ಮಾಡುವೆನೆಂದು ಹೇಳಿದ್ದಾನೆ. ಹಾಗಾದರೆ ಭೋಜನವೂ ಒಂದು ಆಹುತಿಯೇ. ಕುಂಡದಲ್ಲಿ ಅಗ್ನಿಯನ್ನು ಪ್ರಜ್ವಲಿಸಿ ಆಹುತಿ ಕೊಡದೆ ಕಾಯಿಸುವವನನ್ನು ನಾವು ಏನೆನ್ನುತ್ತೇವೆ? ಚಳಿಗಾಲದಲ್ಲಿ ಹಸಿದ ಹೊಟ್ಟೆಯನ್ನು ಕಾಯಿಸುವುದೂ ಅದೇ ರೀತಿಯದು.

ಹುಗ್ಗಿಯೇ ಏಕೆ?

ಚಾತುರ್ಮಾಸ್ಯದ ಕೊನೆಯ ತಿಂಗಳಿನಲ್ಲಿ ದ್ವಿದಳ ವ್ರತವಿರುವುದರಿಂದ ಬೇಳೆಗಳು ನಮ್ಮ ಅಡುಗೆಮನೆಯಿಂದ ದೂರವಿರುತ್ತವೆ. ಕಾರ್ತಿಕದಲ್ಲಿ ವ್ರತವು ಮುಗಿದು ಬೇಳೆಯು ಮರಳಿ ಬಂದ ಸ್ವಲ್ಪ ದಿನಗಳಲ್ಲಿಯೇ ಧನುರ್ಮಾಸವು ಆರಂಭವಾಗುತ್ತದೆ. ಬೇಳೆಗಳಲ್ಲಿ ಹೆಸರು ಅತ್ಯಂತ ಲಘು. ಅಕ್ಕಿಯಲ್ಲಿ ಕಡಿಮೆಯಿರುವ ಪೋಷಕಾಂಶವನ್ನು ಬೇಳೆಯೂ, ಬೇಳೆಯಲ್ಲಿ ಕಡಿಮೆಯಿರುವುದನ್ನು ಅಕ್ಕಿಯೂ ತುಂಬುತ್ತವೆಂದು ಇಂದಿನ ಆಹಾರಶಾಸ್ತ್ರವೂ ಒಪ್ಪುತ್ತದೆ. ಮೆಣಸು, ಜೀರಿಗೆ, ಶುಂಠಿ, ಇಂಗುಗಳು ಪಚನಕ್ಕೆ ಸಹಾಯಕ. ತುಪ್ಪವು ಚಳಿಗಾಲದ ರೂಕ್ಷತೆಯನ್ನು ನಿವಾರಿಸುತ್ತದೆ.

ನಾವಿರುವ ಪ್ರಾಂತಗಳ ಜನರೂ ಇದನ್ನು ಬಲ್ಲರು. ಚೆನ್ನೈನಲ್ಲಿ ಮಾರ್ಗಳಿ ತಿಂಗಳ ವೆಣ್ ಪೊಂಗಲ್ ನಮ್ಮ ಖಾರದ ಹುಗ್ಗಿಯೇ. ಪುಣೆಯ ಕಡೆ ಸಂಕ್ರಾಂತಿಯ ಹಿಂದಿನ ಭೋಗಿಯ ದಿನ ಎಳ್ಳು ಹಚ್ಚಿದ ಸಜ್ಜೆಯ ಭಾಕರಿಯ ಜೊತೆಗೆ ಹೆಸರುಬೇಳೆಯ ಖಿಚಡಿಯನ್ನು ಮಾಡುತ್ತಾರೆ. ಉತ್ತರಪ್ರದೇಶದ ಅನೇಕ ಕಡೆ ಮಕರ ಸಂಕ್ರಾಂತಿಯ ಹಬ್ಬಕ್ಕೇ ‘ಖಿಚಡಿ’ ಎಂದು ಹೆಸರು.

ಅರುಣೋದಯ ಯಾವಾಗ?

ಸೂರ್ಯೋದಯಕ್ಕೆ ನಾಲ್ಕು ಘಟಿಕೆಗಳ ಹಿಂದಿನ ಕಾಲವು ಅರುಣೋದಯ. ಘಟಿಕೆಯೊಂದಕ್ಕೆ 24 ನಿಮಿಷಗಳಂತೆ ಇದು 96 ನಿಮಿಷ. ನಕ್ಷತ್ರಗಳು ಕಾಣುತ್ತಿರುವಾಗ ಮಾಡುವ ನಿವೇದನೆ ಉತ್ತಮ, ಅವು ಮರೆಯಾದ ಮೇಲೆ ಮಧ್ಯಮ, ಸೂರ್ಯೋದಯವಾದ ಮೇಲೆ ಅಧಮ ಎಂಬುದು ಸಂಪ್ರದಾಯ.

ಗಡಿಯಾರವು ದೇಶಕ್ಕೆಲ್ಲ ಒಂದೇ ಆದರೂ ಸೂರ್ಯನು ಎಲ್ಲ ಊರುಗಳಲ್ಲಿ ಒಂದೇ ವೇಳೆಗೆ ಉದಯಿಸುವುದಿಲ್ಲ. ಜನವರಿಯ ಮೊದಲ ವಾರದಲ್ಲಿ ಸೂರ್ಯೋದಯವು ದೆಹಲಿಯಲ್ಲಿ ಸುಮಾರು 7-15ಕ್ಕೆ, ಮುಂಬಯಿಯಲ್ಲಿ 7-12ಕ್ಕೆ, ಪುಣೆಯಲ್ಲಿ 7-07ಕ್ಕೆ, ಹೈದರಾಬಾದಿನಲ್ಲಿ 6-46ಕ್ಕೆ, ಚೆನ್ನೈನಲ್ಲಿ 6-32ಕ್ಕೆ. ಆದ್ದರಿಂದ ಅರುಣೋದಯವು ದೆಹಲಿಯಲ್ಲಿ ಸುಮಾರು 5-39ಕ್ಕೂ, ಮುಂಬಯಿಯಲ್ಲಿ 5-36ಕ್ಕೂ, ಪುಣೆಯಲ್ಲಿ 5-31ಕ್ಕೂ, ಹೈದರಾಬಾದಿನಲ್ಲಿ 5-10ಕ್ಕೂ, ಚೆನ್ನೈನಲ್ಲಿ 4-56ಕ್ಕೂ ಆರಂಭವಾಗುತ್ತದೆ. ದೆಹಲಿ ಮುಂಬಯಿಗಳವರು ನಾಲ್ಕು ಗಂಟೆಗೇ ಏಳಬೇಕೆಂದು ಹೆದರಿ ಆಚರಣೆಯನ್ನೇ ಬಿಡಬೇಕಾಗಿಲ್ಲ. ಐದು ಗಂಟೆಗೆ ಎದ್ದರೂ ಆರೂಕಾಲರೊಳಗೆ ನಿವೇದನೆಯಾಗಿ, ಮಕ್ಕಳು ಶಾಲೆಗೆ ಹೊರಡುವ ಮುನ್ನ ಬಿಸಿ ಹುಗ್ಗಿಯನ್ನು ಉಣ್ಣಬಹುದು.

ಮಾಡುವ ಕ್ರಮ

ಅಕ್ಕಿಗೆ ಸಮನಾಗಿ ಹೆಸರುಬೇಳೆಯಿರುವುದು ಒಳ್ಳೆಯದು. ಎರಡರಷ್ಟಿದ್ದರೆ ಇನ್ನೂ ಶ್ರೇಷ್ಠವೆನ್ನುತ್ತಾರೆ. ಐದು ಜನರಿಗೆ 200 ಗ್ರಾಂ ಅಕ್ಕಿ, 200 ಗ್ರಾಂ ಹೆಸರುಬೇಳೆ ಸಾಕು. ಬೇಳೆಯನ್ನು ಸ್ವಲ್ಪ ತುಪ್ಪದಲ್ಲಿ ಘಮ್ಮೆನ್ನುವವರೆಗೆ ಹುರಿದು, ಅಕ್ಕಿಯೊಡನೆ ತೊಳೆದು, ಚಿಟಿಕೆ ಅರಿಸಿನದೊಂದಿಗೆ ಎರಡು ಲೀಟರ್ ಕುದಿಯುವ ನೀರಿಗೆ ಹಾಕಬೇಕು. ನೀರು ಗಡುಸಾಗಿರುವ ಊರುಗಳಲ್ಲಿ ಬೇಳೆಯು ಬೇಗ ಬೇಯುವುದಿಲ್ಲ. ಅಲ್ಲಿ ಹುರಿದ ಬೇಳೆಯನ್ನು ಅರ್ಧ ಗಂಟೆ ನೆನೆಸಿಡುವುದು ಒಳ್ಳೆಯದು. ಎರಡೂ ಮೆತ್ತಗೆ ಬೆಂದ ಮೇಲೆ ಅರ್ಧ ತೆಂಗಿನಕಾಯಿಯ ತುರಿ, ಜಜ್ಜಿದ ಹಸಿ ಶುಂಠಿ, ಉಪ್ಪು ಸೇರಿಸಿ, ಕುಟ್ಟಿದ ಮೆಣಸು ಜೀರಿಗೆ ತಲಾ ಎರಡು ಚಮಚ, ಇಂಗು, ಕರಿಬೇವುಗಳನ್ನು ನಾಲ್ಕು ದೊಡ್ಡ ಚಮಚ ತುಪ್ಪದಲ್ಲಿ ಒಗ್ಗರಣೆ ಹಾಕಬೇಕು. ನೈವೇದ್ಯಕ್ಕೆ ಮುನ್ನ ರುಚಿ ನೋಡುವಂತಿಲ್ಲವಾದ್ದರಿಂದ ಉಪ್ಪನ್ನು ಅಳೆದೇ ಹಾಕಬೇಕು. ಈ ಪ್ರಮಾಣಕ್ಕೆ ಮೂರು ಸಣ್ಣ ಚಮಚ ಸರಿಹೋಗುತ್ತದೆ. ಹುಣಸೆಯ ಗೊಜ್ಜನ್ನು ಹಿಂದಿನ ಸಂಜೆಯೇ ಮಾಡಿಡದೆ, ಹುಗ್ಗಿ ಬೇಯುವಾಗ ಪಕ್ಕದ ಒಲೆಯ ಮೇಲೆ ಮಾಡಿಕೊಳ್ಳಬಹುದು. ಸಿಹಿ ಹುಗ್ಗಿಯಾದರೆ, ಅಕ್ಕಿ ಬೇಳೆಗಳು ಪೂರ್ಣವಾಗಿ ಬೆಂದ ಮೇಲೆಯೇ ಸೋಸಿದ ಬೆಲ್ಲದ ಪಾಕವನ್ನು ಸೇರಿಸಬೇಕು. ಮೊದಲೇ ಹಾಕಿದರೆ ಕಾಳು ಮುಂದೆ ಬೇಯದೆ ಗಟ್ಟಿಯಾಗಿ ಉಳಿಯುತ್ತದೆ.

ಚಳಿಗೆ ಹೆದರಿ ಕಿಟಕಿಗಳನ್ನೆಲ್ಲ ಮುಚ್ಚಿ ಅಡುಗೆ ಮಾಡಬಾರದು. ಮುಚ್ಚಿದ ಕೋಣೆಯಲ್ಲಿ ಇದ್ದಲಿನ ಅಗ್ಗಿಷ್ಟಿಕೆಯಾಗಲಿ, ಗಾಳಿಯಾಡದ ಸ್ನಾನದ ಮನೆಯಲ್ಲಿ ಗ್ಯಾಸ್ ಗೀಸರ್ ಆಗಲಿ ವಾಸನೆಯಿಲ್ಲದ ವಿಷಾನಿಲದಿಂದ ಪ್ರಾಣಾಪಾಯವನ್ನುಂಟುಮಾಡುತ್ತದೆ.

ನಾನು ಕಲಿತ ಪಾಠ

1988ರ ಚಳಿಗಾಲದಲ್ಲಿ ನಾನು ಉತ್ತರಪ್ರದೇಶದ ಒಂದು ಜಂಕ್ಷನ್ನಿನಲ್ಲಿ ಕೆಲಸದಲ್ಲಿದ್ದೆ. ಮಂಜು ಕವಿದ ರಾತ್ರಿಗಳಲ್ಲಿ ಸಿಗ್ನಲ್ ಕಾಣಿಸದಿರುವುದರಿಂದ, ಬರುವ ಗಾಡಿಯ ಚಾಲಕನನ್ನು ಎಚ್ಚರಿಸಲು ಹಳಿಯ ಮೇಲೆ ಪಟಾಕಿಗಳನ್ನು ಕಟ್ಟುವ ಕೆಲಸಕ್ಕೆ ಕೆಲವರನ್ನು ನಿಯೋಜಿಸಲಾಗುತ್ತಿತ್ತು. ಅವರು ಕ್ಯಾಬಿನ್ನಿನ ಹೊರಗೆ ಬೆಂಕಿಯ ಮೇಲೆ ಖಿಚಡಿಯನ್ನು ಬೇಯಿಸುತ್ತಿದ್ದರು. ಅವರಲ್ಲಿ ಒಂದು ಕಟ್ಟಳೆಯಿತ್ತು: ಮುಂದೆ ಯಾರು ಮಂಜಿನೊಳಗೆ ಹೋಗಬೇಕೋ ಅವನು ಮೊದಲು ಉಣ್ಣಬೇಕು. ಹಿರಿಯನಿರಲಿ, ಕಿರಿಯನಿರಲಿ, ಅದಕ್ಕೆ ವಿನಾಯಿತಿಯಿರಲಿಲ್ಲ.

ಆ ವರ್ಷ ನನ್ನ ತಾಯಿಯವರು ನಮ್ಮೊಂದಿಗಿದ್ದರು. ನಸುಕಿನ ನಾಲ್ಕು ಗಂಟೆಗೆ ಎದ್ದು, ತಣ್ಣೀರಿನಲ್ಲಿ ಮಿಂದು, ಮಡಿಯುಟ್ಟು ಹುಗ್ಗಿ ಮಾಡಿ ನಮಗೆಲ್ಲ ಬಿಸಿಬಿಸಿಯಾಗಿ ಬಡಿಸುತ್ತಿದ್ದರು. “ನೀವೂ ಕೂತುಕೊಳ್ಳಿ ಅಮ್ಮ” ಎಂದರೆ, “ನೀವೆಲ್ಲ ಉಂಡರೆ ನನ್ನ ಹೊಟ್ಟೆ ತುಂಬಿತಪ್ಪ, ನನ್ನದೇನು ಅವಸರ” ಎನ್ನುತ್ತಿದ್ದರು. ನಾನೂ ಮರುಮಾತಾಡದೆ ಕೈತೊಳೆದು ಹೊರಡುತ್ತಿದ್ದೆ. ಜನವರಿಯ ಒಂದು ದಿನ ಅವರು ಅಡುಗೆಮನೆಯಲ್ಲಿಯೇ ತಲೆಸುತ್ತಿ ಬಿದ್ದರು. ಬಂದ ವೈದ್ಯರು ಕೇಳಿದ್ದು ಒಂದೇ ಪ್ರಶ್ನೆ: ಇವರು ಎಷ್ಟು ಗಂಟೆಗೆ ಏಳುತ್ತಾರೆ, ಎಷ್ಟು ಗಂಟೆಗೆ ಉಣ್ಣುತ್ತಾರೆ? ನನ್ನ ಪತ್ನಿ ಉತ್ತರ ಕೊಟ್ಟಳು: ಏಳುವುದು ನಾಲ್ಕಕ್ಕೆ, ಉಣ್ಣುವುದು ಒಂದೂವರೆಗೆ, ಅದೂ ಆರಿದ್ದನ್ನು. ಒಂಬತ್ತೂವರೆ ಗಂಟೆಗಳು! ಗಾಡಿಗಳು ತಡವಾದುದನ್ನು ನಿಮಿಷಗಳಲ್ಲಿ ಲೆಕ್ಕವಿಡುತ್ತಿದ್ದ ನಾನು ಮನೆಯಲ್ಲಿ ನಡೆಯುತ್ತಿದ್ದ ಈ ವಿಳಂಬವನ್ನು ಗಮನಿಸಿರಲಿಲ್ಲ. ಚರಕನ ಮಾತನ್ನು ನಾನು ಓದಿದ್ದೆ; ತಾಯಿಯ ದೇಹದಲ್ಲಿ ಅದು ನಿಜವಾಗುತ್ತಿದ್ದುದು ನನಗೆ ಕಾಣಲಿಲ್ಲ. ಅವರು ಚೇತರಿಸಿಕೊಂಡರಾದರೂ ಮೊದಲಿನ ಶಕ್ತಿಯು ಮರಳಲಿಲ್ಲ.

ಮನೆಯ ಹೆಂಗಸರು ಕೊನೆಗೆ, ಆರಿದ್ದನ್ನು ಉಣ್ಣಬೇಕೆಂದು ಶಾಸ್ತ್ರವಿದೆಯೇ? ಮನುಸ್ಮೃತಿಯ ಮೂರನೆಯ ಅಧ್ಯಾಯವು ಹೊಸದಾಗಿ ಮನೆಗೆ ಬಂದ ಸೊಸೆ, ಕನ್ಯೆ, ರೋಗಿ, ಗರ್ಭಿಣಿ ಇವರಿಗೆ ಅತಿಥಿಗಳಿಗಿಂತಲೂ ಮೊದಲೇ, ಹಿಂದುಮುಂದು ನೋಡದೆ ಬಡಿಸಬೇಕೆನ್ನುತ್ತದೆ. ಎಲ್ಲರ ಊಟವಾದ ಮೇಲೆ ಉಳಿದುದನ್ನು ಉಣ್ಣಬೇಕಾದವರನ್ನು ಹೇಳುವಾಗ ಅಲ್ಲಿ ಪ್ರಯೋಗಿಸಿರುವ ಕರ್ತೃಪದವೂ ಕ್ರಿಯಾಪದವೂ ದ್ವಿವಚನದಲ್ಲಿವೆ: ದಂಪತಿಗಳಿಬ್ಬರೂ ಎಂದು. ಗೃಹಿಣಿಯು ಕಾಯಬೇಕಾದರೆ ಯಜಮಾನನೂ ಕಾಯಬೇಕು. ತಾನು ಬಿಸಿಯಾಗಿ ಉಂಡು ಅವಳಿಗೆ ಮಾತ್ರ ಉಳಿಸಿಡುವುದು ಶಾಸ್ತ್ರವಲ್ಲ; ನಮ್ಮ ಅಭ್ಯಾಸ.

ಈ ಮಾಸದ ಅಭ್ಯಾಸ

1. ಹಿಂದಿನ ರಾತ್ರಿಯೇ ಬೇಳೆ ಹುರಿಯುವುದು, ಕಾಯಿ ಬೆಲ್ಲಗಳನ್ನು ಸಿದ್ಧಪಡಿಸುವುದು ಮುಂತಾದ ಕೆಲಸಗಳನ್ನು ಗಂಡಸರೂ ಮಕ್ಕಳೂ ಹಂಚಿಕೊಳ್ಳಲಿ.

2. ವೃದ್ಧರೂ ಅಶಕ್ತರೂ ಬಿಸಿನೀರಿನಲ್ಲಿಯೇ ಸ್ನಾನ ಮಾಡಲಿ.

3. ನಿವೇದನೆಯಾದೊಡನೆ ಎಲ್ಲರೂ ಒಟ್ಟಿಗೆ ಕುಳಿತು, ಪಾತ್ರೆಯನ್ನು ನಡುವೆ ಇಟ್ಟುಕೊಂಡು ಬಡಿಸಿಕೊಳ್ಳಲಿ. ಅದು ಸಾಧ್ಯವಾಗದಿದ್ದರೆ ಒಬ್ಬರು ಅಡುಗೆ ಮಾಡಿದವರಿಗೆ ಬಡಿಸಿ, ಅವರ ಊಟ ಮುಗಿಯುವವರೆಗೆ ಅಲ್ಲಿಯೇ ಇರಲಿ.

4. ಪ್ರತಿದಿನವೂ ಆಗದಿದ್ದರೆ ರಜಾದಿನಗಳಲ್ಲಾದರೂ ನಡೆಸಲಿ. ಆದರೆ ಮಾಡಿದ ದಿನ ಮನೆಯಲ್ಲಿ ಒಬ್ಬರೂ ಹುಗ್ಗಿಯನ್ನು ಆರಿದ ಮೇಲೆ ಉಣ್ಣುವಂತಾಗಬಾರದು.

ಎಲ್ಲರ ಜಠರದಲ್ಲಿಯೂ ಇರುವ ವೈಶ್ವಾನರನು ಒಬ್ಬನೇ. ದೇವರ ಮುಂದೆ ಬಿಸಿಯಾಗಿ ಇಟ್ಟುದನ್ನು, ಅಡುಗೆಮನೆಯಲ್ಲಿ ಒಲೆಯ ಮುಂದೆ ನಿಂತಿರುವವರ ಒಳಗಿರುವ ಅವನಿಗೂ ಬಿಸಿಯಾಗಿಯೇ ಸಲ್ಲಿಸಿದಾಗ ಧನುರ್ಮಾಸದ ನಿವೇದನೆಯು ಪೂರ್ಣವಾಗುತ್ತದೆ.

ಶ್ರೀಕೃಷ್ಣಾರ್ಪಣಮಸ್ತು.