ಊರವರೇ ನಡೆಸುವ ಸ್ಥಳೀಯ ಗಿಡಗಳ ಸಸ್ಯಕ್ಷೇತ್ರ: ಕೃಷ್ಣಾ ತೀರದ ಹಳ್ಳಿಗಳಿಗೆ ಒಂದು ವರ್ಷದ ಪಾಠ

ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿ ಗ್ರಾಮದ ಹೆಸರು ರೈತ ಬಾಂಧವರಿಗೆ ಹೊಸದಲ್ಲ. ಬೇಸಿಗೆ ಬಂತೆಂದರೆ ಕೃಷ್ಣೆ ಬತ್ತಿ ಬೆಳೆ ಒಣಗುತ್ತಿದ್ದ ಕಾಲದಲ್ಲಿ ಈ ಭಾಗದ ರೈತರು ಕೃಷ್ಣಾ ತೀರ ರೈತ ಸಂಘವನ್ನು ಕಟ್ಟಿಕೊಂಡರು. ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ, ರೈತರ ವಂತಿಗೆ ಮತ್ತು ಶ್ರಮದಾನದಿಂದ, 1989ರಲ್ಲಿ ಇಲ್ಲಿ ನದಿಗೆ ಅಡ್ಡಲಾಗಿ ಬ್ಯಾರೇಜು ಎದ್ದು ನಿಂತಿತು. ಅದಕ್ಕೆ ಸಂದ 'ಶ್ರಮಬಿಂದು ಸಾಗರ' ಎಂಬ ಹೆಸರೇ ಅದು ಹೇಗೆ ಕಟ್ಟಲ್ಪಟ್ಟಿತೆಂಬುದನ್ನು ಹೇಳುತ್ತದೆ.

ಆ ಕೆಲಸದಲ್ಲಿ ಎರಡು ಸಂಗತಿಗಳು ಗಮನಾರ್ಹ. ಮೊದಲನೆಯದು, ಮಳೆಗಾಲದ ನೀರನ್ನು ಬೇಸಿಗೆಗಾಗಿ ಹಿಡಿದಿಡಬೇಕೆಂಬ ಮುಂದಾಲೋಚನೆ. ಎರಡನೆಯದು, ಒಬ್ಬನಿಂದಾಗದ ಕೆಲಸವನ್ನು ಹಲವರು ಹಂಚಿಕೊಂಡು ಮುಗಿಸಿದ ಶಿಸ್ತು. ಊರವರೇ ಸೇರಿ ಸ್ಥಳೀಯ ಜಾತಿಯ ಗಿಡಗಳ ಸಸ್ಯಕ್ಷೇತ್ರ ನಡೆಸಲು ಬೇಕಾಗುವುದೂ ಇವೇ ಎರಡು. ಸಸಿಗಳನ್ನು ಬೇಸಿಗೆ ದಾಟಿಸಬಲ್ಲ ಊರಿಗೆ ಮಾತ್ರ ಸಸ್ಯಕ್ಷೇತ್ರ ಫಲ ಕೊಡುತ್ತದೆ.

ಸಸ್ಯಕ್ಷೇತ್ರದ ಅವಶ್ಯಕತೆ

ನೀರಾವರಿ ಬಂದ ಕಡೆ ಕಬ್ಬು ಹಬ್ಬುತ್ತದೆ. ನೆರಳು ಬೀಳುತ್ತದೆಂದು, ಟ್ರ್ಯಾಕ್ಟರಿಗೆ ಅಡ್ಡಿಯಾಗುತ್ತದೆಂದು ಒಡ್ಡಿನ ಮೇಲಿನ ಬೇವು, ಜಾಲಿ, ಬನ್ನಿ, ಹುಣಸೆ ಮರಗಳನ್ನು ತೆಗೆಯುವುದು ಸಾಮಾನ್ಯವಾಗಿದೆ. ಎರೆಭೂಮಿಗೆ ಮಿತಿಮೀರಿ ನೀರು ಹಾಯಿಸಿದಲ್ಲಿ ಕೆಲ ವರ್ಷಗಳಲ್ಲೇ ಸವಳು ಕಾಣಿಸಿಕೊಳ್ಳುತ್ತದೆ. ಅಂಥ ನೆಲದಲ್ಲಿ ತಾಳಿಕೊಂಡು ಬೆಳೆಯಬಲ್ಲ ಕರಿಜಾಲಿ, ಹೊಂಗೆ, ಹೊಳೆಮತ್ತಿಗಳು ಈ ಭಾಗಕ್ಕೆ ಹೊರಗಿನವಲ್ಲ.

ಇನ್ನೊಂದು ಕಾರಣವೂ ಇದೆ. ಆಲಮಟ್ಟಿ ಜಲಾಶಯದಲ್ಲಿ ಈಗ 519.60 ಮೀಟರ್ ಮಟ್ಟದವರೆಗೆ ನೀರು ನಿಲ್ಲಿಸಲಾಗುತ್ತದೆ. ಇದನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ಜಲವಿವಾದಗಳ ಎರಡನೆಯ ನ್ಯಾಯಮಂಡಳಿ 2010ರ ತೀರ್ಪಿನಲ್ಲಿ ಅವಕಾಶ ನೀಡಿದೆ. ವ್ಯತ್ಯಾಸ ಸುಮಾರು 4.65 ಮೀಟರ್, ಅಂದರೆ 15 ಅಡಿ. ನೀರು ಅಷ್ಟು ಏರಿದ ದಿನ ಹಿನ್ನೀರಿನ ಅಂಚಿನ ಹೊಲಗಳೊಂದಿಗೆ ಅಲ್ಲಿನ ಹಳೆಯ ಮರಗಳೂ ಮುಳುಗುತ್ತವೆ. ಹೊಲಕ್ಕೆ ಪರಿಹಾರ ಸಿಗಬಹುದು, ಮರದ ಬೆಲೆಯೂ ಸಿಗಬಹುದು. ಆದರೆ ಈ ಮಣ್ಣು, ಈ ಬಿಸಿಲು, ಈ ಬರಗಳನ್ನು ತಲೆಮಾರುಗಳಿಂದ ತಡೆದು ನಿಂತ ತಳಿಯ ಬೀಜ ಮತ್ತೆ ಸಿಗುವುದಿಲ್ಲ. ಮರ ನಿಂತಿರುವಾಗಲೇ ಬೀಜ ಆಯ್ದು ಸಸಿ ಮಾಡಿ ಎತ್ತರದ ಜಾಗಕ್ಕೆ ಸಾಗಿಸುವುದೊಂದೇ ದಾರಿ.

ತಾಯಿಮರದ ಆಯ್ಕೆ

ಸಸ್ಯಕ್ಷೇತ್ರದ ಕೆಲಸ ಆರಂಭವಾಗುವುದು ಮಡಿಯಲ್ಲಲ್ಲ, ಮರದ ಬುಡದಲ್ಲಿ. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ಶಾಲೆಗೆ ಹೋದವರಲ್ಲ. ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಲ್ಲಿ ದಶಕಗಳ ಕಾಲ ದುಡಿದು, ಕಾಡಿನಲ್ಲಿ ತಾಯಿಮರವನ್ನು ಗುರುತಿಸುವುದರಲ್ಲಿಯೂ ಅದರ ಬೀಜವನ್ನು ಸರಿಯಾದ ಕಾಲಕ್ಕೆ ಸಂಗ್ರಹಿಸುವುದರಲ್ಲಿಯೂ ಅವರು ಪಡೆದ ಪರಿಣತಿಯನ್ನು ದೇಶವೇ ಗುರುತಿಸಿತು. 2020ನೇ ಸಾಲಿನ ಪದ್ಮಶ್ರೀ ಪುರಸ್ಕಾರ ಪಡೆದ ಅವರು 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಇಂಥ ತಿಳಿವಳಿಕೆ ಉಳ್ಳವರು ಕುರಿಗಾಹಿಗಳಲ್ಲಿ, ಹಿರಿಯ ಹೆಣ್ಣುಮಕ್ಕಳಲ್ಲಿ ಪ್ರತಿ ಊರಲ್ಲೂ ಒಬ್ಬಿಬ್ಬರು ಇರುತ್ತಾರೆ. ಬೀಜದ ಹೊಣೆಯನ್ನು ಅವರಿಗೆ ವಹಿಸಬೇಕು.

ತಾಯಿಮರ ನಡುವಯಸ್ಸಿನದಾಗಿದ್ದು, ರೋಗವಿಲ್ಲದೆ, ಚೆನ್ನಾಗಿ ಕಾಯಿ ಹಿಡಿಯುವಂಥದ್ದಿರಬೇಕು. ಒಂದೇ ಮರದಿಂದ ಎಲ್ಲ ಬೀಜ ತರಬಾರದು. ಒಂದು ಜಾತಿಗೆ ಕನಿಷ್ಠ 10 ಮರಗಳನ್ನಾದರೂ, ಒಂದಕ್ಕೊಂದು 100 ಮೀಟರಿನಷ್ಟು ದೂರವಿರುವಂತೆ, ಆರಿಸಿಕೊಳ್ಳಬೇಕು. ಒಂಟಿಯಾಗಿ ದೂರ ನಿಂತ ಮರದ ಬೀಜ ತನ್ನದೇ ಪರಾಗದಿಂದ ಆದದ್ದಿರಬಹುದಾದ್ದರಿಂದ ಸಸಿಗಳು ಬಲಹೀನವಾಗುವ ಸಂಭವ ಹೆಚ್ಚು. ಮರದ ಮೇಲಿನ ಕಾಯಿಯನ್ನೆಲ್ಲ ಬಳಿದು ತರದೆ ಹಕ್ಕಿಗಳಿಗೂ ನೆಲಕ್ಕೂ ಪಾಲು ಬಿಡಬೇಕು. ಹಿನ್ನೀರಿನ ಅಂಚಿನ ಮರಗಳಿಗೆ ಮೊದಲ ಆದ್ಯತೆ ಸಲ್ಲಬೇಕು.

ಬೀಜದ ಕಾಲ ಮತ್ತು ಉಪಚಾರ

1. ಬೇವು: ಹಣ್ಣು ಹಳದಿಯಾಗುವುದು ಹೆಚ್ಚಾಗಿ ಜೂನ್-ಜುಲೈ ತಿಂಗಳಲ್ಲಿ. ತಿರುಳನ್ನು ನೀರಿನಲ್ಲಿ ತಿಕ್ಕಿ ತೆಗೆದು, ಬೀಜವನ್ನು ನೆರಳಲ್ಲಿ ಎರಡು ಮೂರು ದಿನ ಆರಿಸಿ, ಎರಡು ಮೂರು ವಾರದೊಳಗೆ ಬಿತ್ತಬೇಕು. ತಡವಾದಷ್ಟೂ ಮೊಳೆಯುವ ಶಕ್ತಿ ಕುಂದುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟ ಬೀಜ ಬೇಗ ಕೆಡುತ್ತದೆ.

2. ನೇರಳೆ: ಇದಕ್ಕೂ ಕಾಲ ಜೂನ್-ಜುಲೈ. ಹಣ್ಣು ತಿಂದ ಬೀಜವನ್ನು ತೊಳೆದು, ಒಣಗಲು ಬಿಡದೆ, ಒಂದು ವಾರದೊಳಗೆ ಹಾಕಬೇಕು. ಒಂದೇ ಬೀಜದಿಂದ ಎರಡು ಮೂರು ಸಸಿಗಳು ಬರುವುದುಂಟು. ಬಲವಾದ ಒಂದನ್ನು ಉಳಿಸಬೇಕು.

3. ಹೊಂಗೆ: ಬೇಸಿಗೆಯಲ್ಲಿ ಕಾಯಿ ಬಲಿತು ಒಣಗುತ್ತದೆ. ಸಿಪ್ಪೆ ಬಿಡಿಸಿ ಒಂದು ರಾತ್ರಿ ತಣ್ಣೀರಲ್ಲಿ ನೆನೆಸಿದರೆ ಸಾಕು. ಎರಡು ಮೂರು ವಾರದಲ್ಲಿ ಮೊಳೆಯುತ್ತದೆ.

4. ಹುಣಸೆ: ಬೀಜ ಗಟ್ಟಿಯಾದ್ದರಿಂದ ತಿಂಗಳುಗಟ್ಟಲೆ ಕೆಡುವುದಿಲ್ಲ. ಕುದಿಸಿ ಒಲೆಯಿಂದಿಳಿಸಿದ ನೀರಿಗೆ ಬೀಜ ಹಾಕಿ, ಅದೇ ನೀರಲ್ಲಿ ಮರುದಿನದವರೆಗೆ ಬಿಡಬೇಕು.

5. ಕರಿಜಾಲಿ: ಬೀಜದ ಸಿಪ್ಪೆ ಬಹಳ ಗಟ್ಟಿ. ಹುಣಸೆಗೆ ಹೇಳಿದ ಬಿಸಿನೀರಿನ ಉಪಚಾರವನ್ನೇ ಮಾಡಬಹುದು. ಇದಕ್ಕಿಂತ ಸುಲಭದ ದಾರಿ ಆಡಿನ ದೊಡ್ಡಿಯಲ್ಲಿದೆ. ಆಡು ಕಾಯಿ ತಿಂದು ಹೊರಹಾಕಿದ ಬೀಜ ಚೆನ್ನಾಗಿ ಮೊಳೆಯುತ್ತದೆ. ಆದರೆ ಆಡು ಪೀಕಜಾಲಿಯ ಕಾಯನ್ನೂ ತಿನ್ನುತ್ತದೆ. ಪೀಕಜಾಲಿ ಹೊರದೇಶದಿಂದ ಬಂದು ಹೊಲ, ಹಳ್ಳಗಳನ್ನೆಲ್ಲ ಆವರಿಸಿದ ಗಿಡ. ಅದರ ಬೀಜ ಸಣ್ಣದು. ಕರಿಜಾಲಿಯದು ದೊಡ್ಡದು, ದುಂಡಗೆ ಚಪ್ಪಟೆಯಾಗಿರುತ್ತದೆ. ದೊಡ್ಡಿಯ ಬೀಜವನ್ನು ಮೊರದಲ್ಲಿ ಹರಡಿ ಆರಿಸದೆ ಬಿತ್ತಕೂಡದು.

6. ಬನ್ನಿ: ಬೇಸಿಗೆಯ ಕೊನೆಗೆ ಕಾಯಿ ಮಾಗುತ್ತದೆ. ಒಂದು ದಿನ ನೆನೆಸಿ ಬಿತ್ತಬೇಕು. ತಾಯಿಬೇರು ಬೇಗನೆ ಆಳಕ್ಕಿಳಿಯುವುದರಿಂದ ಉದ್ದನೆಯ ಚೀಲ ಬೇಕು.

7. ಹೊಳೆಮತ್ತಿ: ಹೊಳೆದಂಡೆಗೆ ಹೇಳಿ ಮಾಡಿಸಿದ ಮರ. ಒಣಗಿದ ಕಾಯಿಯನ್ನು ಮೂರು ನಾಲ್ಕು ದಿನ, ನೀರು ಬದಲಿಸುತ್ತ, ನೆನೆಸಬೇಕು. ಮೊಳೆಯಲು ಏಳೆಂಟು ವಾರ ಹಿಡಿಯುತ್ತದೆ. ಬರಲಿಲ್ಲವೆಂದು ಚೀಲ ಸುರಿದುಬಿಡುವ ಆತುರ ಸಲ್ಲದು.

ಈ ಪಟ್ಟಿಯಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಹೊಂಗೆ, ಹುಣಸೆ, ಕರಿಜಾಲಿಗಳ ಬೀಜವನ್ನು ಕೂಡಿಟ್ಟು ಅನುಕೂಲ ನೋಡಿ ಬಿತ್ತಬಹುದು. ಬೇವು, ನೇರಳೆ ಹಾಗಲ್ಲ. ಜೂನ್-ಜುಲೈನಲ್ಲಿ ಬಿತ್ತಿದ ಅವು ಹೊಲಕ್ಕೆ ಹೋಗುವುದು ಮುಂದಿನ ವರ್ಷದ ಮಳೆಗೆ. ನಡುವೆ ಒಂದು ಪೂರ್ತಿ ಬೇಸಿಗೆಯನ್ನು ಅವು ಚೀಲದಲ್ಲೇ ಕಳೆಯಬೇಕು.

ಸ್ಥಳ, ಮಣ್ಣು ಮತ್ತು ಮಡಿ

ಮೊದಲ ವರ್ಷ 1,000 ಸಸಿಗಳಿಗಿಂತ ಹೆಚ್ಚು ಮಾಡಬಾರದು. ಇದಕ್ಕೆ ಒಂದು ಗುಂಟೆಯೊಳಗಿನ ಜಾಗ ಸಾಕು. ನೀರಿಗೆ ಹತ್ತಿರವಿರಬೇಕೆಂದು ನದಿಯ ಅಂಚಿಗೆ ಮಡಿ ಮಾಡುವುದು ಅಪಾಯ. 2019ರ ಆಗಸ್ಟಿನಲ್ಲಿ ಕೃಷ್ಣೆಯ ಪ್ರವಾಹ ಎಲ್ಲಿಯವರೆಗೆ ಬಂದಿತ್ತೆಂಬುದು ದಂಡೆಯ ಊರವರಿಗೆ ಗೊತ್ತು. ಆ ಗೆರೆಯಿಂದ ಮೇಲೆ, ಶಾಲೆ, ಗುಡಿ ಅಥವಾ ಪಂಚಾಯತಿ ಆವರಣದಲ್ಲಿ, ದಿನವೂ ಜನರ ಕಣ್ಣು ಬೀಳುವ ಜಾಗ ಉತ್ತಮ. ಆಡು-ದನ ನುಗ್ಗದಂತೆ ಮುಳ್ಳುಬೇಲಿ ಹಾಕಬೇಕು.

ಬರೀ ಎರೆಮಣ್ಣು ಚೀಲಕ್ಕೆ ಒಗ್ಗುವುದಿಲ್ಲ. ನೀರು ಹಾಕಿದಾಗ ಅಂಟಾಗಿ, ಆರಿದಾಗ ಬಿರಿದು ಬೇರು ಹರಿಯುತ್ತದೆ. ಮಸಾರಿ ಮಣ್ಣು 2 ಪಾಲು, ಮರಳು 1 ಪಾಲು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ 1 ಪಾಲು ಸೇರಿಸಿ ಜರಡಿ ಹಿಡಿದು ತುಂಬಬೇಕು. 5 ಅಂಗುಲ ಅಗಲ, 8 ಅಂಗುಲ ಉದ್ದದ ಚೀಲವಾದರೆ 1,000 ಚೀಲಗಳಿಗೆ ಸುಮಾರು 1 ಘನ ಮೀಟರ್ ಮಿಶ್ರಣ ಬೇಕಾಗುತ್ತದೆ. ಚೀಲದ ಕೆಳಭಾಗದಲ್ಲಿ ನೀರು ಬಸಿಯಲು ತೂತುಗಳಿರಬೇಕು. ತೊಳೆದ ಹಾಲಿನ ಚೀಲಗಳನ್ನೂ ಸಣ್ಣ ಸಸಿಗಳಿಗೆ ಬಳಸಬಹುದು. 1 ಮೀಟರ್ ಅಗಲ, 10 ಮೀಟರ್ ಉದ್ದದ ಒಂದು ಮಡಿಯಲ್ಲಿ 1,000ಕ್ಕೂ ಹೆಚ್ಚು ಚೀಲಗಳು ಹಿಡಿಯುತ್ತವೆ. ಎರಡೂ ಬದಿಯಿಂದ ಕೈ ಚಾಚಿ ಕಳೆ ತೆಗೆಯಲು ಈ ಅಗಲ ಅನುಕೂಲ.

ಬೀಜವನ್ನು ಅದರ ದಪ್ಪದ ಎರಡರಷ್ಟು ಆಳಕ್ಕಿಂತ ಕೆಳಗೆ ಹಾಕಬಾರದು. ಮೊಳಕೆ ಬರುವವರೆಗೆ ಕಬ್ಬಿನ ರವದಿಯನ್ನು ತೆಳ್ಳಗೆ ಹೊದಿಸಿ, ಮೊಳಕೆ ಕಂಡ ಕೂಡಲೇ ತೆಗೆಯಬೇಕು. ಒಂದೂವರೆ ಎರಡು ತಿಂಗಳಿಗೊಮ್ಮೆ ಚೀಲಗಳನ್ನು ಎತ್ತಿ ಜಾಗ ಬದಲಿಸಬೇಕು. ಹೀಗೆ ಮಾಡದಿದ್ದರೆ ಬೇರು ಚೀಲ ತೂರಿ ನೆಲಕ್ಕಿಳಿದು, ಎತ್ತುವ ದಿನ ಹರಿದು, ಸಸಿ ಬಾಡುತ್ತದೆ.

ಬೇಸಿಗೆಯ ಪಾಳಿ

ಸ್ವಯಂಸೇವೆಯ ನಿಜವಾದ ಪರೀಕ್ಷೆ ಇಲ್ಲಿದೆ. ಜೂನ್ 5ರ ಪರಿಸರ ದಿನದಂದು ಗಿಡ ನೆಡಲು ಜನ ಕರೆಯದೆ ಬರುತ್ತಾರೆ. ಏಪ್ರಿಲ್-ಮೇ ತಿಂಗಳ ಬಿಸಿಲಿನಲ್ಲಿ ಸಸಿಗೆ ನೀರು ಹಾಕಲು ಕರೆದರೂ ಬರುವವರು ವಿರಳ. ಆ ದಿನಗಳಲ್ಲಿ ಸಣ್ಣ ಚೀಲದ ಮಣ್ಣು ಒಂದೆರಡು ದಿನದಲ್ಲೇ ಒಣಗುತ್ತದೆ. ಹತ್ತು ತಿಂಗಳ ದುಡಿಮೆ ಮೂರು ನಾಲ್ಕು ದಿನದ ಅಲಕ್ಷ್ಯದಿಂದ ಕೈಬಿಟ್ಟುಹೋಗುತ್ತದೆ.

ಲೆಕ್ಕ ಹಾಕಿ ನೋಡಬಹುದು. ಒಂದು ಚೀಲಕ್ಕೆ ಕಾಲು ಲೀಟರಿನಂತೆ 1,000 ಸಸಿಗಳಿಗೆ ದಿನಕ್ಕೆ 250 ಲೀಟರ್, ಅಂದರೆ 15 ಲೀಟರಿನ ಸುಮಾರು 17 ಕೊಡ ನೀರು ಬೇಕು. ಒಬ್ಬರಿಗೆ ದಿನವೂ ಇದು ಹೊರೆ. 30 ಮನೆಗಳು ಸೇರಿದರೆ ಒಂದು ಮನೆಗೆ ಬರುವುದು ತಿಂಗಳಿಗೆ ಒಂದೇ ದಿನ. ಹೊಲಕ್ಕೆ ನೀರು ಹಾಯಿಸಲು ಪಾಳಿ ಕಟ್ಟುವ ರೈತರಿಗೆ ಈ ಪಾಳಿ ಕಷ್ಟವಲ್ಲ. ಪಾಳಿಯ ಪಟ್ಟಿಯನ್ನು ಫೆಬ್ರವರಿಯಲ್ಲೇ ಬರೆದು ಮಡಿಯ ಬಳಿ ತೂಗುಹಾಕಬೇಕು. ಬರಲಾಗದವರು ಮುಯ್ಯಿಯ ರೀತಿಯಲ್ಲಿ ಇನ್ನೊಬ್ಬರನ್ನು ಒಪ್ಪಿಸಿ ಹೋಗಬೇಕು. ನೀರನ್ನು ಬೆಳಗ್ಗೆ ಬೇಗ ಅಥವಾ ಸಂಜೆ ಕೊಡಬೇಕು. ಮೇಲೆ ರವದಿಯ ಚಪ್ಪರವಿದ್ದರೆ ನೀರಿನ ಖರ್ಚು ಇಳಿಯುತ್ತದೆ. 1,000 ಸಸಿಗಳ ಮಿತಿಯನ್ನು ಹೇಳಿದ್ದು ಈ ಕಾರಣಕ್ಕೇ. ಸಸಿಯ ಸಂಖ್ಯೆಯನ್ನು ನಿರ್ಧರಿಸಬೇಕಾದುದು ಬೇಸಿಗೆಯಲ್ಲಿ ನೀರು ಹೊರಲು ಒಪ್ಪಿದ ಮನೆಗಳ ಸಂಖ್ಯೆ.

ನೆಡುವ ಮೊದಲಿನ ನಾಲ್ಕು ವಾರ ಚಪ್ಪರವನ್ನು ಹಂತಹಂತವಾಗಿ ತೆಗೆದು, ನೀರನ್ನೂ ಸ್ವಲ್ಪಸ್ವಲ್ಪವಾಗಿ ಕಡಿಮೆ ಮಾಡಿ ಸಸಿಗಳನ್ನು ಗಟ್ಟಿಗೊಳಿಸಬೇಕು.

ಹಂಚಿಕೆ ಮತ್ತು ಲೆಕ್ಕ

ಸೊಟ್ಟಗಾದ, ಬೇರು ಸುರುಳಿಗೊಂಡ ಸಸಿಗಳನ್ನು ಲೆಕ್ಕ ತುಂಬಿಸಲು ಹಂಚಬಾರದು. ನೀರು ನಿಲ್ಲುವ ಅಥವಾ ಸವಳು ನೆಲಕ್ಕೆ ಕರಿಜಾಲಿ, ಹೊಂಗೆ. ಹೊಳೆ-ಹಳ್ಳದ ದಂಡೆಗೆ ಹೊಳೆಮತ್ತಿ, ನೇರಳೆ. ಬಸಿಯುವ ನೆಲದ ಒಡ್ಡಿಗೆ ಬೇವು, ಬನ್ನಿ. ರಸ್ತೆ ಬದಿಗೆ, ಗುಡಿಯಂಗಳಕ್ಕೆ ಹುಣಸೆ ಹೊಂದುತ್ತವೆ. ನೀರು ನಿಲ್ಲುವಲ್ಲಿ ಬೇವು ಬದುಕುವುದಿಲ್ಲ. ಆರಿದ್ರಾ ಮಳೆಯ ನಂತರ ನೆಲ ಚೆನ್ನಾಗಿ ನೆನೆದಾಗ ನೆಡಬೇಕು. ಆಗ ಮಳೆ ಕೈಕೊಟ್ಟರೆ ಸೆಪ್ಟೆಂಬರಿನ ಮಳೆಗೆ ಕಾಯುವುದೇ ಲೇಸು. ಖಾಲಿ ಚೀಲಗಳನ್ನು ಹೊಲದಲ್ಲಿ ಬಿಡದೆ ಮರಳಿ ತರಬೇಕು.

ಸಂಘ ಮೂರು ಪುಸ್ತಕಗಳನ್ನು ಇಡುವುದು ಅವಶ್ಯ. ಬೀಜದ ಪುಸ್ತಕದಲ್ಲಿ ಯಾವ ಮರದಿಂದ, ಯಾವ ದಿನ, ಎಷ್ಟು ಬೀಜ ಎಂಬುದು. ಪಾಳಿ ಪುಸ್ತಕದಲ್ಲಿ ನೀರು ಹಾಕಿದವರ ಸಹಿ. ಹಂಚಿಕೆ ಪುಸ್ತಕದಲ್ಲಿ ಯಾರ ಹೊಲಕ್ಕೆ ಎಷ್ಟು ಸಸಿ ಹೋಯಿತು ಮತ್ತು ವರ್ಷದ ನಂತರ ಎಷ್ಟು ಉಳಿಯಿತು ಎಂಬುದು. ಕೊನೆಯ ಅಂಕಿಯೇ ಸಂಘದ ನಿಜವಾದ ಬೆಳೆ. ಸಸಿಗೆ ಹಣ ಪಡೆಯುವ ಬದಲು, ಪಡೆದವರು ಮುಂದಿನ ವರ್ಷ ಒಂದು ಸೇರು ಬೀಜ ಅಥವಾ ಒಂದು ದಿನದ ದುಡಿಮೆ ಕೊಡಬೇಕೆಂಬ ಕರಾರು ಒಳ್ಳೆಯದು.

ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ 2011-12ರಲ್ಲಿ ಆರಂಭವಾಯಿತು. ಬದುಕುಳಿದ ಸಸಿಗಳಿಗೆ ಪ್ರೋತ್ಸಾಹಧನ ನೀಡುವ ಈ ಯೋಜನೆ ಇಲಾಖೆಯ ಸಸ್ಯಕ್ಷೇತ್ರದಿಂದ ಪಡೆದ ಸಸಿಗಳಿಗೆ ಸಂಬಂಧಿಸಿದ್ದು. ಆದ್ದರಿಂದ ಊರಿನ ಮಡಿಯ ಸಸಿಗಳಿಗೂ ಹಣ ಬರುತ್ತದೆಂದು ಯಾರಿಗೂ ಮಾತು ಕೊಡಬಾರದು. ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿಯೇ ಮುಂದುವರಿಯಬೇಕು.

1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯಲ್ಲಿ ಮರಗಳನ್ನು ಅಪ್ಪಿ ನಿಂತ ಜನ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಉಳಿಸು, ಬೆಳೆಸು, ಬಳಸು ಎಂಬುದು ಅಪ್ಪಿಕೋ ಚಳವಳಿಯ ಮಾತಾಯಿತು. ಹಳ್ಳಿಗಳಲ್ಲಿ ಸಸಿ ಬೆಳೆಸುವ ಕೆಲಸವೂ ಅದರ ಭಾಗವಾಯಿತು. ಮಲೆನಾಡಿನಲ್ಲಿ ಆದದ್ದು ಬಯಲುಸೀಮೆಯಲ್ಲಿ ಆಗದೆಂದು ಹೇಳುವಂತಿಲ್ಲ. ನದಿಯನ್ನೇ ತಡೆದು ನಿಲ್ಲಿಸಿದ ಕೃಷ್ಣಾ ತೀರದ ರೈತರಿಗೆ ದಿನಕ್ಕೆ 17 ಕೊಡ ನೀರು ದೊಡ್ಡದಲ್ಲ. ಬರುವ ಬೇಸಿಗೆಯಲ್ಲಿ ಹೊಂಗೆ, ಹುಣಸೆ ಬೀಜಗಳ ಸಂಗ್ರಹದಿಂದಲೇ ಆರಂಭಿಸಬಹುದು. ಅದಕ್ಕೆ ಮೊದಲು ಪ್ರತಿ ಊರಿನಲ್ಲೂ ಹಿರಿಯರೊಬ್ಬರನ್ನು ಕರೆದುಕೊಂಡು ದಂಡೆಯುದ್ದಕ್ಕೂ ನಡೆದು, ತಾಯಿಮರಗಳನ್ನು ಎಣಿಸಿ ಬರೆದಿಟ್ಟುಕೊಳ್ಳುವುದು ರೈತ ಬಾಂಧವರು ಕೂಡಲೇ ಕೈಗೊಳ್ಳಬೇಕಾದ ಕೆಲಸ.