ವಾಟರ್ ಕ್ಯಾನ್, ಬೆನ್ನುಮೂಳೆ ಮತ್ತು ಆ 'ಟಕ್' ಶಬ್ದ

ಹಾಸ್ಟೆಲ್‌ನಲ್ಲಿ ಇರೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಗೇಟ್ ಹತ್ತಿರ 20 ಲೀಟರ್ ನೀರಿನ ಕ್ಯಾನ್ ಇಳಿಸಿ ಹೋಗ್ತಾರೆ, ಅದನ್ನ ಮೂರನೇ ಮಹಡಿಗೆ ಹೊರೋದು ನಮ್ಮ ಕರ್ಮ. ಕಳೆದ ಸೆಮಿಸ್ಟರ್ ಇಂಟರ್ನಲ್ಸ್‌ಗೆ ನಾಲ್ಕು ದಿನ ಇರುವಾಗ, ಕ್ಯಾನ್ ಎತ್ತೋಕೆ ಅಂತ ಬಗ್ಗಿದ ನಮ್ಮ ರೂಮಿನ ಗೆಳೆಯ ಅರ್ಧಕ್ಕೇ ನಿಂತುಬಿಟ್ಟ. ಸೊಂಟ ಹಿಡಿದುಕೊಂಡಿತ್ತು. ನೆಟ್ಟಗಾಗೋಕೂ ಆಗ್ತಿಲ್ಲ, ಕೂರೋಕೂ ಆಗ್ತಿಲ್ಲ.

ಸಂಜೆಯೊಳಗೆ ರೂಮಿನ ತುಂಬ ವೈದ್ಯರು. ಕಾಲು ಮುಂದಾಗಿ ಹುಟ್ಟಿದವರನ್ನ ಹುಡುಕಿ ಅವರಿಂದ ಬೆನ್ನಿಗೆ ಒದೆಸು ಅಂದ ಒಬ್ಬ. ಅವರಜ್ಜಿ ಊರಲ್ಲಿ ಉಳುಕಿಗೆ ಅದೇ ಮದ್ದಂತೆ. ಇನ್ನೊಬ್ಬ ಮೊಬೈಲಿನಲ್ಲಿ ರೀಲ್ಸ್ ತೋರಿಸಿದ. ಕತ್ತಿಗೆ ಪಟ್ಟಿ ಹಾಕಿ ಎಳೀತಾರೆ, ಮೈಕಿನಲ್ಲಿ ಟಕ ಟಕ ಅಂತ ಕೇಳತ್ತೆ, ಮಲಗಿದ್ದವರು ಕಣ್ಣೀರು ಒರೆಸಿಕೊಂಡು ನಗ್ತಾ ಎದ್ದು ಹೋಗ್ತಾರೆ. "ಇದು ಕೈರೋಪ್ರಾಕ್ಟಿಕ್. ಬೆಂಗಳೂರಲ್ಲೂ ಮಾಡ್ತಾರೆ. ಸರಿದಿರೋ ಮೂಳೆ ಒಂದೇ ಏಟಿಗೆ ಜಾಗಕ್ಕೆ ಕೂರತ್ತೆ" ಅಂದ. ಗೆಳೆಯ ರಾತ್ರಿ ಬಸ್ಸಿಗೇ ಹೊರಡೋಕೆ ತಯಾರಾದ. ನಾವು ಡಾಕ್ಟರಲ್ಲ, ಮೆಕ್ಯಾನಿಕಲ್‌ನೋರು. ಆದ್ರೆ ಬೆನ್ನುಮೂಳೆಯೂ ಒಂದು ಸ್ಟ್ರಕ್ಚರೇ ತಾನೇ ಅಂತ, ಅವನನ್ನ ತಡೆದು ಓದೋಕೆ ಕೂತೆವು.

ಕತ್ತಿನಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5 ಮಣಿಗಳು. ಅವುಗಳ ನಡುವೆ ಡಿಸ್ಕ್. ಹೊರಗಡೆ ನಾರಿನ ಪದರಗಳು, ಒಳಗೆ ನೀರು ಹೀರಿಕೊಂಡ ಜೆಲ್. ಹಗಲೆಲ್ಲ ಭಾರಕ್ಕೆ ಆ ನೀರು ಹಿಂಡಿಹೋಗಿ ಸಂಜೆ ಹೊತ್ತಿಗೆ ನಾವು ಸುಮಾರು ಒಂದು ಸೆಂಟಿಮೀಟರ್ ಕುಳ್ಳಾಗಿರ್ತೀವಿ, ರಾತ್ರಿ ಮಲಗಿದಾಗ ಮತ್ತೆ ತುಂಬಿಕೊಳ್ಳತ್ತೆ.

ಈಗ ಯೂಲರ್‌ನನ್ನ ನೆನಪಿಸಿಕೊಳ್ಳಿ, ಅದೇ ಕಾಲಂ ಬಕ್ಲಿಂಗ್. ಸ್ನಾಯುಗಳನ್ನೆಲ್ಲ ತೆಗೆದು ಬರೀ ಮೂಳೆ, ಡಿಸ್ಕ್, ಲಿಗಮೆಂಟ್ ಉಳಿಸಿದ ಸೊಂಟದ ಭಾಗವನ್ನ ಲ್ಯಾಬಿನಲ್ಲಿ ಮೇಲಿಂದ ಒತ್ತಿದಾಗ ಅದು ಸುಮಾರು 90 ನ್ಯೂಟನ್‌ಗೇ ಬಾಗಿಬಿಟ್ಟಿತ್ತು. ಅಂದ್ರೆ ಒಂಬತ್ತು ಕೆಜಿ, ಅರ್ಧ ಕ್ಯಾನ್ ನೀರು! ನಮ್ಮ ಸೊಂಟದ ಮೇಲಿನ ದೇಹವೇ ಅದರ ಮೂರು ನಾಲ್ಕು ಪಟ್ಟು ತೂಗತ್ತೆ. ಹಾಗಾದ್ರೆ ನಮ್ಮನ್ನ ನಿಲ್ಲಿಸಿರೋದು ಸುತ್ತಲಿನ ಸ್ನಾಯುಗಳು, ಟವರ್‌ಗೆ ಬಿಗಿದ ಗೈ ವೈರ್‌ಗಳ ಥರ. ಒಂದರ ಮೇಲೊಂದು ಜೋಡಿಸಿದ ಇಟ್ಟಿಗೆ, ಒಂದು ಸರಿದಿದೆ, ತಳ್ಳಿ ಕೂರಿಸೋಣ ಅನ್ನೋ ಚಿತ್ರ ಇಲ್ಲೇ ಅಲ್ಲಾಡೋಕೆ ಶುರುವಾಗತ್ತೆ.

ನಮಗೆ ತುಂಬ ಹಿಡಿಸಿದ್ದು ಇನ್ನೊಂದು ಪ್ರಯೋಗ. 1999ರಲ್ಲಿ ಜರ್ಮನಿಯ ಸಂಶೋಧಕರು ಪ್ರಕಟಿಸಿದ್ದು. ಆರೋಗ್ಯವಂತನಾದ 45 ವರ್ಷದ ಒಬ್ಬ ವ್ಯಕ್ತಿಯ ಸೊಂಟದ ಡಿಸ್ಕ್ ಒಳಗೇ ಪ್ರೆಶರ್ ಸೆನ್ಸರ್ ಕೂರಿಸಿ, ಅವನನ್ನ ಮಲಗಿಸಿ, ನಿಲ್ಲಿಸಿ, ಭಾರ ಎತ್ತಿಸಿ ಅಳೆದರು. (ಅದಕ್ಕೆ ಒಪ್ಪಿದ ಪುಣ್ಯಾತ್ಮನಿಗೆ ನಮಸ್ಕಾರ.) ಮಲಗಿದಾಗ 0.1 ಮೆಗಾಪ್ಯಾಸ್ಕಲ್, ನಿಂತಾಗ 0.5. ಬೆನ್ನು ಬಾಗಿಸಿ 20 ಕೆಜಿ ಎತ್ತಿದಾಗ 2.3, ಅಂದ್ರೆ ಕಾರಿನ ಟೈರಿನ ಒತ್ತಡದ ಹತ್ತು ಪಟ್ಟು. ಅದೇ 20 ಕೆಜಿಯನ್ನ ಮಂಡಿ ಮಡಚಿ ಎತ್ತಿದಾಗ 1.7. ಮೈಗೆ ಒತ್ತಿ ಹಿಡಿದು ನಿಂತಾಗ 1.1. ಭಾರ ಅದೇ, ಬದಲಾದದ್ದು ಮೊಮೆಂಟ್ ಆರ್ಮ್. ಇದು ಒಬ್ಬನ ಮೇಲೆ ನಡೆದ ಅಳತೆ, ಆದ್ರೂ 20 ಕೆಜಿ ಅನ್ನೋದು ನಮ್ಮ ಕ್ಯಾನಿನ ತೂಕವೇ ಆಗಿದ್ದು ನೋಡಿ ಎಲ್ಲರೂ ಒಂದು ಕ್ಷಣ ಸುಮ್ಮನಾದೆವು.

ಇನ್ನು ಕೈರೋಪ್ರಾಕ್ಟಿಕ್ ವಿಷಯ. ಗ್ರೀಕ್ ಮೂಲದ ಈ ಹೆಸರಿಗೆ 'ಕೈಯಿಂದ ಮಾಡಿದ್ದು' ಅಂತ ಅರ್ಥ. ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟ್‌ನಲ್ಲಿ, ಅಯಸ್ಕಾಂತ ಶಕ್ತಿಯಿಂದ ರೋಗ ವಾಸಿ ಮಾಡ್ತೀನಿ ಅಂತಿದ್ದ ಡೇನಿಯಲ್ ಡೇವಿಡ್ ಪಾಮರ್ 1895ರಲ್ಲಿ ಇದನ್ನ ಶುರು ಮಾಡಿದ. ಕಟ್ಟಡ ಶುಚಿ ಮಾಡ್ತಿದ್ದ ಹಾರ್ವಿ ಲಿಲ್ಲಾರ್ಡ್ ಅನ್ನೋರ ಬೆನ್ನಿನ ಗಂಟು ಒತ್ತಿ ಸರಿಪಡಿಸಿದಾಗ ಅವರ ಕಿವುಡು ಹೋಯಿತು ಅನ್ನೋದು ಅವನ ಹೇಳಿಕೆ. ಕಿವಿಯ ನರ ಬೆನ್ನುಮೂಳೆ ಮೂಲಕ ಹೋಗೋದೇ ಇಲ್ಲ, ನೇರ ಮೆದುಳಿಗೆ ಹೋಗತ್ತೆ. ಆದ್ರೂ ನೂರರಲ್ಲಿ 95 ಕಾಯಿಲೆಗೆ ಮಣಿ ಸರಿಯೋದೇ ಕಾರಣ ಅಂತ ಪಾಮರ್ ಬರೆದ. ಆ ಸರಿತಕ್ಕೆ 'ಸಬ್‌ಲಕ್ಸೇಶನ್' ಅಂತ ಹೆಸರು. 2010ರಲ್ಲಿ ಬ್ರಿಟನ್ನಿನ ಜನರಲ್ ಕೈರೋಪ್ರಾಕ್ಟಿಕ್ ಕೌನ್ಸಿಲ್, ಅಂದ್ರೆ ಅವರದ್ದೇ ನಿಯಂತ್ರಣ ಸಂಸ್ಥೆ, ಇದು ರೋಗಕ್ಕೆ ಕಾರಣ ಅನ್ನೋದಕ್ಕೆ ಸಂಶೋಧನೆಯ ಆಧಾರ ಇಲ್ಲ ಅಂತ ಹೇಳಿತು.

ಹಾಗಾದ್ರೆ ಆ ಟಕ್ ಶಬ್ದ? ಅದು ಮೂಳೆ ಕೂತ ಶಬ್ದ ಅಲ್ಲ. ಮಣಿಗಳ ಹಿಂಬದಿಯ ಸಣ್ಣ ಕೀಲುಗಳಲ್ಲೂ ಬೆರಳಿನ ಗೆಣ್ಣಿನ ಹಾಗೆ ದ್ರವ ಇರತ್ತೆ. ಕೀಲನ್ನ ಥಟ್ಟನೆ ಎಳೆದಾಗ ಒತ್ತಡ ಕುಸಿದು ಅನಿಲದ ಗುಳ್ಳೆ ಏಳತ್ತೆ. ಪಂಪ್‌ಗಳ ಪಾಠದಲ್ಲಿ ಓದ್ತೀವಲ್ಲ, ಅದೇ ಕ್ಯಾವಿಟೇಶನ್. ಶಬ್ದ ಬರೋದು ಗುಳ್ಳೆ ಹುಟ್ಟುವಾಗಲೋ, ಕುಸಿಯುವಾಗಲೋ ಅನ್ನೋ ಜಗಳ ಇನ್ನೂ ಇದೆ. 2015ರಲ್ಲಿ ಕೆನಡಾದವರು ಗೆಣ್ಣು ಮುರಿಯೋದನ್ನ ಎಂಆರ್‌ಐನಲ್ಲೇ ಚಿತ್ರೀಕರಿಸಿ 'ಹುಟ್ಟುವಾಗ' ಅಂದರು. 2018ರಲ್ಲಿ ಬಂದ ಒಂದು ಗಣಿತದ ಮಾದರಿ 'ಅರೆಬರೆ ಕುಸಿಯುವಾಗ' ಅಂತು. ಒಮ್ಮೆ ಲಟಿಕೆ ತೆಗೆದ ಬೆರಳು ಸುಮಾರು 20 ನಿಮಿಷ ಮತ್ತೆ ಸದ್ದು ಮಾಡಲ್ಲ. ಈಗಲೇ ಪರೀಕ್ಷಿಸಿ ನೋಡಿ.

ಇಷ್ಟಾದರೂ ಅದೆಲ್ಲ ಬೂಟಾಟಿಕೆ ಅಂತ ತಳ್ಳಿಹಾಕೋಕೆ ನಮಗೆ ಆಗಲಿಲ್ಲ. ಸೊಂಟನೋವಿನ ಮಟ್ಟಿಗೆ ಕೈಚಿಕಿತ್ಸೆಯಿಂದ ಸ್ವಲ್ಪ ಉಪಯೋಗ ಇದೆ. 47 ಪ್ರಯೋಗಗಳನ್ನ ಒಟ್ಟಿಗೆ ನೋಡಿದ 2019ರ ಒಂದು ವಿಶ್ಲೇಷಣೆ ಪ್ರಕಾರ, ದೀರ್ಘಕಾಲದ ಸೊಂಟನೋವಿಗೆ ಇದು ವ್ಯಾಯಾಮದಂಥ ಇತರ ಚಿಕಿತ್ಸೆಗಳಷ್ಟೇ ಕೆಲಸ ಮಾಡತ್ತೆ. ಅಷ್ಟೇ, ಹೆಚ್ಚಿಲ್ಲ. ಬಿಗಿದ ಸ್ನಾಯು ಕೊಂಚ ಸಡಿಲವಾಗತ್ತೆ, ನೋವಿನ ಸಂದೇಶ ಕೊಂಚ ಹೊತ್ತು ತಗ್ಗತ್ತೆ. ಆದ್ರೆ ಅಸ್ತಮಾ, ಬಿಪಿ, ಮಕ್ಕಳ ಕಿವಿನೋವು ವಾಸಿ ಮಾಡ್ತೀವಿ ಅಂದ್ರೆ, ಹೊಸ ಎಕ್ಸ್‌ರೇ ತೋರಿಸಿ 24 ಸಿಟ್ಟಿಂಗ್ ಪ್ಯಾಕೇಜ್ ಕೈಗಿಟ್ಟರೆ, ಎದ್ದು ಬನ್ನಿ. ಸ್ಕ್ಯಾನಿಗೂ ಹೆದರಬೇಡಿ. ನೋವೇ ಇಲ್ಲದ 20ರ ವಯಸ್ಸಿನವರ ಸ್ಕ್ಯಾನ್‌ಗಳಲ್ಲೂ ಸುಮಾರು 30 ಶೇಕಡಾ ಜನರಿಗೆ ಡಿಸ್ಕ್ ಉಬ್ಬಿರೋದು ಕಾಣತ್ತೆ.

ಕತ್ತಿನ ವಿಷಯದಲ್ಲಿ ಮಾತ್ರ ನಾವು ಗಟ್ಟಿಯಾಗಿ ಹೇಳ್ತೀವಿ: ಯಾರ ಕೈಗೂ ಕೊಡಬೇಡಿ. ಮೆದುಳಿಗೆ ರಕ್ತ ಒಯ್ಯೋ ಎರಡು ರಕ್ತನಾಳಗಳು ಕತ್ತಿನ ಮಣಿಗಳ ರಂಧ್ರಗಳ ಒಳಗಿನಿಂದಲೇ ಮೇಲೇರ್ತವೆ. ಥಟ್ಟನೆ ತಿರುಗಿಸಿದಾಗ ನಾಳದ ಒಳಪದರ ಹರಿದು ಸ್ಟ್ರೋಕ್ ಆದ ಪ್ರಕರಣಗಳು ದಾಖಲಾಗಿವೆ. ಅಪರೂಪ, ನಿಜ. ಕೆಲವರಿಗೆ ನಾಳ ಮೊದಲೇ ಹರಿದು, ಆ ನೋವಿಗೇ ಅವರು ಹೋಗಿರಬಹುದು ಅನ್ನೋ ವಾದವೂ ಇದೆ. ಆದ್ರೆ ಒಂದು ಲಟಿಕೆಯ ಸುಖಕ್ಕೆ ಯಾಕೆ ಆ ಲೆಕ್ಕ? ಕಟಿಂಗ್ ಮುಗಿಸಿ ಕತ್ತನ್ನ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸೋ ಸಲೂನಿನ 'ಫ್ರೀ ಮಸಾಜ್' ಕೂಡ ಇದೇ ಸಾಲಿಗೆ ಸೇರತ್ತೆ. 2024ರಲ್ಲಿ ಬಳ್ಳಾರಿ ಕಡೆಯ ಯುವಕನೊಬ್ಬನಿಗೆ ಹಾಗೆ ಮಾಡಿಸಿಕೊಂಡ ಮೇಲೆ ಸ್ಟ್ರೋಕ್ ಆದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಆ ವಾರದಿಂದ ನಮ್ಮಲ್ಲಿ ಮೂವರು ಸಲೂನಿನಲ್ಲಿ "ಅಣ್ಣಾ, ಕತ್ತು ಬೇಡ" ಅಂತ ಮೊದಲೇ ಹೇಳ್ತಾರೆ.

ಗೆಳೆಯ ಬಸ್ ಹತ್ತಲಿಲ್ಲ. ಮಾರನೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರು ಕೇಳಿದ ಪ್ರಶ್ನೆಗಳನ್ನ ನೀವೂ ನೆನಪಿಟ್ಟುಕೊಳ್ಳಿ. ಕಾಲಿನ ಶಕ್ತಿ ಕಡಿಮೆಯಾಗಿದೆಯಾ? ತೊಡೆಗಳ ನಡುವೆ, ಕೂರೋ ಜಾಗದಲ್ಲಿ ಮರಗಟ್ಟಿದೆಯಾ? ಮೂತ್ರ ಕಟ್ಟಿದೆಯಾ, ಹಿಡಿತ ತಪ್ಪಿದೆಯಾ? ಜ್ವರ ಇದೆಯಾ? ಬೈಕಿನಿಂದ ಬಿದ್ದಿದ್ದಾ? ಇವುಗಳಲ್ಲಿ ಒಂದಕ್ಕೆ ಹೌದು ಅಂದರೂ ಬೆಳಗಾಗಲಿ ಅಂತ ಕಾಯಬಾರದು. ಅವನಿಗೆ ಎಲ್ಲಕ್ಕೂ ಇಲ್ಲ. ಸ್ಕ್ಯಾನ್ ಬೇಡ, ಮಲಗಿಬಿಡಬೇಡ, ಆದಷ್ಟು ಓಡಾಡು ಅಂತ ಹೇಳಿ ಕಳಿಸಿದರು. ಬಿಸಿನೀರಿನ ಬ್ಯಾಗ್ ಕಟ್ಟಿಕೊಂಡು, ಕಾರಿಡಾರಿನಲ್ಲಿ ನಡೀತಾ ನಡೀತಾ ನೋಟ್ಸ್ ಓದಿದ. ಇಂಟರ್ನಲ್ಸ್‌ನಲ್ಲಿ ನಡುವೆ ಎರಡು ಸಲ ಎದ್ದು ನಿಲ್ಲೋಕೆ ಇನ್ವಿಜಿಲೇಟರ್ ಒಪ್ಪಿದರು. ಹನ್ನೆರಡನೇ ದಿನ ಕ್ರಿಕೆಟ್ ಆಡಿದ, ಆಡಬಾರದಿತ್ತು, ಆಡಿದ.

ಈಗ ನಮ್ಮ ಫ್ಲೋರಿನಲ್ಲಿ ಕ್ಯಾನ್ ಎತ್ತೋಕೆ ಇಬ್ಬರು ಹೋಗ್ತೀವಿ. ಒಬ್ಬನೇ ಇದ್ದರೆ ಮಂಡಿ ಮಡಚಿ, ಮಗುವನ್ನ ಎತ್ತಿಕೊಂಡ ಹಾಗೆ ಎದೆಗೆ ಅವಚಿ ಎತ್ತಬೇಕು. ಶರ್ಟ್ ಒದ್ದೆಯಾಗತ್ತೆ ಅಂತ ಅವನು ಈಗಲೂ ಗೊಣಗ್ತಾನೆ.